ತೊಳೆದ ಕಾಲಿಗೇ ಇನ್ನೊಮ್ಮೆ ನೀರು

ನಮ್ಮ ಕ್ರೈಸ್ತ ಸಭೆಗಳ ದೊಡ್ಡವರಿಗೆ ವರ್ಷಕ್ಕೊಮ್ಮೆ ದೀನತೆ ಬರುತ್ತದೆ. ಪವಿತ್ರ ಗುರುವಾರದ ಸಂಜೆ ಏರಿ, ರಾತ್ರಿ ಊಟದ ಹೊತ್ತಿಗೆ ಇಳಿಯುತ್ತದೆ. ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯ ಪಟ್ಟಿ ಮೊದಲೇ ಸಿದ್ಧ. ಹೆಸರು ಬಂದವರು ಮನೆಯಲ್ಲೇ ಸಾಬೂನು ಹಚ್ಚಿ, ಹಿಮ್ಮಡ ತಿಕ್ಕಿ, ಉಗುರು ತೆಗೆದು, ಹೊಸ ಚಪ್ಪಲಿ ಮೆಟ್ಟಿ ಬರುತ್ತಾರೆ. ಆ ಕಾಲಿಗೆ ಗುರುಗಳು ನಾಲ್ಕು ಹನಿ ನೀರು ಬಿಡುತ್ತಾರೆ. ಮೊಬೈಲ್ ಹಿಡಿದವನು, ‘ಇನ್ನೊಮ್ಮೆ ಬಗ್ರಿ ಫಾದರ್, ಮಾರಿ ಬರಲಿಲ್ಲ’ ಅನ್ನುತ್ತಾನೆ. ಬಗ್ಗುತ್ತಾರೆ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಊಟದ ನಡುವೆ ಎದ್ದು ಸೊಂಟಕ್ಕೆ ವಸ್ತ್ರ ಕಟ್ಟಿ ಶಿಷ್ಯರ ಕಾಲು ತೊಳೆದದ್ದು ಆಳಿನ ಕೆಲಸ. ಪೇತ್ರ ಗಾಬರಿಯಾಗಿ ಬೇಡವೇ ಬೇಡ ಎಂದದ್ದು ಅದಕ್ಕೇ. ಗುರುವನ್ನೇ ಹಿಡಿದುಕೊಡಲು ಹೊರಟಿದ್ದ ಯೂದನೂ ಆಗ ಅಲ್ಲೇ ಕೂತಿದ್ದ. ನಮ್ಮ ಪಟ್ಟಿಯಲ್ಲಿ ಯೂದನಿಗೆ ಜಾಗವಿಲ್ಲ; ಸಭೆಯ ಚುನಾವಣೆಯಲ್ಲಿ ಎದುರು ನಿಂತವನಿಗಂತೂ ಇಲ್ಲವೇ ಇಲ್ಲ.

ಗುರುವಿನ ಪಾದ ತೊಳೆದು ಪಾದೋದಕ ತಗೊಳ್ಳುವ ನಾಡು ನಮ್ಮದು. ಇಲ್ಲಿ ಗುರುವೇ ಬಗ್ಗಿದನೆಂಬುದು ದೊಡ್ಡ ಸುದ್ದಿಯಾಗಬೇಕಿತ್ತು. ಜಾಣರಾದ ನಾವು ಅದನ್ನೂ ಪಾದಪೂಜೆಯೇ ಮಾಡಿಕೊಂಡೆವು: ತೊಳೆಯುವುದು ಶಿಷ್ಯನ ಕಾಲು, ಹಾರ ಬೀಳುವುದು ಗುರುವಿನ ಕೊರಳಿಗೆ.

ಪೋಪ್ ಫ್ರಾನ್ಸಿಸ್ 2013ರ ಮಾರ್ಚ್ 28ರಂದು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಗಂಡಸರ ಕಾಲು ಮಾತ್ರ ಎಂಬ ನಿಯಮ ತಿದ್ದಿದ್ದು ಆಮೇಲೆ, 2016ರಲ್ಲಿ. ನಮ್ಮಲ್ಲಾಗಿದ್ದರೆ ಮೊದಲು ಒಂದು ಉಪಸಮಿತಿ. ಕಾಲು ಅಲ್ಲಿಯವರೆಗೆ ಕಾಯಬೇಕು.

ವರ್ಷವಿಡೀ ಆಸ್ಪತ್ರೆಯಲ್ಲಿ ಕೊಳೆತ ಹುಣ್ಣು ತೊಳೆದ ನರ್ಸ್, ನಡುರಾತ್ರಿ ಮಲದ ಪಾತ್ರೆ ಎತ್ತಿದ ಆಯಾ, ಇವರ ಫ್ಲೆಕ್ಸ್ ಯಾರು ಕಟ್ಟಿಸುತ್ತಾರೆ? ಫ್ಲೆಕ್ಸಿನ ತುಂಬ ‘ನಿಮ್ಮ ದೀನ ಸೇವಕ’ರೇ ಕೈ ಮುಗಿದು ನಿಂತಿರುತ್ತಾರೆ.

ನನ್ನದೊಂದು ಸಲಹೆ. ಪವಿತ್ರ ಗುರುವಾರ ಬೀಳುವುದು ಮಾರ್ಚ್ 19ರಿಂದ ಏಪ್ರಿಲ್ 22ರೊಳಗೆ. ಬಿಳಿಜೋಳದ ಕೊಯ್ಲು ಮುಗಿದು ಹೊಲವೂ ಒಣಗಿರುತ್ತದೆ, ಕಾಲೂ ಒಣಗಿರುತ್ತದೆ. ದೀನತೆಗೆ ಇಷ್ಟು ಅನುಕೂಲದ ಹಂಗಾಮು ಬೇಡ. ಕಾರ್ಯಕ್ರಮವನ್ನು ಶ್ರಾವಣದ ಮಳೆಗೆ ಮುಂದೂಡಿ, ನರಗುಂದ ತಾಲ್ಲೂಕಿನ ಶಿರೋಳದಲ್ಲಿ ಇಟ್ಟುಕೊಳ್ಳಿ. ಅಲ್ಲಿಯ ಯರಿ ಮಣ್ಣು ಕಾಲಿಗೆ ಹತ್ತಿತೆಂದರೆ ನಾಲ್ಕು ಹನಿಗೆ ಬಿಡುವಂಥದ್ದಲ್ಲ. ಬೆರಳ ಸಂದಿಗೆ ಬೆರಳು ಹಾಕಿ ತೆಗೆಯಬೇಕು. ಕಳೆ ತೆಗೆದು ಬಂದ ಕೂಲಿ ಹೆಣ್ಣುಮಗಳು ಮೊದಲು ನಾಚಿ, ‘ಬ್ಯಾಡ್ರಿ ಯಪ್ಪಾ, ನಾನ ತೊಳಕೋತೇನಿ’ ಅಂದಾಳು. ಅಷ್ಟಕ್ಕೇ ಸಂತೋಷಪಟ್ಟು ಕಾರು ಹತ್ತಬೇಡಿ. ಅವಳ ಮನೆಗೆ ಎರಡು ಕೊಡ ನೀರು ತಂದುಹಾಕಿ, ರೊಟ್ಟಿ ಬಡಿಯುವವರೆಗೆ ಅವಳ ಕೂಸನ್ನು ಎತ್ತಿಕೊಳ್ಳಿ. ಫೋಟೋದವನನ್ನು ಮಾತ್ರ ಕರೆತರಬೇಡಿ. ಬಂದೇ ಬರುತ್ತೇನೆಂದರೆ ಮೂರನೆಯ ಕೊಡ ಅವನ ಹೆಗಲಿಗೆ.