ಓಕಾರ ಮೀಮಾಂಸೆ

ಇಂಗ್ಲಿಷಿನ 'ಓಕೆ' ತಮ್ಮ ಮನೆಯಲ್ಲೇ ಹುಟ್ಟಿದ್ದೆಂದು ದಾವೆ ಹೂಡಿರುವವರು ಬಹಳ. ಶಾಸ್ತ್ರಕ್ರಮದಂತೆ ಮೊದಲು ಪೂರ್ವಪಕ್ಷ.

ಅಮೆರಿಕದ ಮೂಲನಿವಾಸಿ ಚಾಕ್ಟಾ ಜನರ ಮಾತೇ ಮೂಲವೆಂಬುದು ಒಂದು ಮತ. ಅಧ್ಯಕ್ಷ ವುಡ್ರೊ ವಿಲ್ಸನ್ ಈ ಮತಸ್ಥರು. ಕಾಗದಪತ್ರಗಳ ಮೇಲೆ 'ಓಕೆಹ್' ಎಂದೇ ಬರೆಯುತ್ತಿದ್ದರು. ಗ್ರೀಕರು 'ಓಲಾ ಕಲಾ' ಎನ್ನುತ್ತಾರೆ, ಎಲ್ಲ ಕ್ಷೇಮವೆಂದು. ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಗೂ ಒಂದು ಪಾಲು ಕೇಳುವವರಿದ್ದಾರೆ. ಅಮೆರಿಕದ ಅಂತರ್ಯುದ್ಧದ ಸೈನಿಕರು ತಿಂದ ಬಿಸ್ಕತ್ತಿನ ಮುದ್ರೆಯೇ ಮೂಲವೆಂಬ ಬಿಸ್ಕತ್ತುವಾದವೂ ಉಂಟು. ಯುದ್ಧ 1861ರದು, ಪದ ಅಚ್ಚಾದದ್ದು 1839ರಲ್ಲಿ; ಮೊಮ್ಮಗನ ನಾಮಕರಣದ ಪಾಯಸವನ್ನು ತಾತನ ತೊಟ್ಟಿಲಿಗೆ ಬಡಿಸಿದಂತಾಯಿತು.

ನಮ್ಮವರು ಸುಮ್ಮನಿದ್ದಾರೆಯೆ? 'ಓ, ಏಕೆ?' ಎಂಬುದು ಸಂಧಿಯಾಗಿ 'ಓಕೆ' ಆಯಿತೆಂದು ಈ ಲೇಖಕನೇ ಸಾಧಿಸಹೊರಟಿದ್ದುಂಟು. ಅಡ್ಡ ಬಂದದ್ದು ವ್ಯಾಕರಣ: 'ಓ' ಎಂಬ ಭಾವಸೂಚಕದ ಮುಂದೆ ಸ್ವರ ಬಂದರೆ ಪ್ರಕೃತಿಭಾವ, ಸಂಧಿಯಿಲ್ಲ. ಅಲ್ಲದೆ 'ಏಕೆ' ಎಂದು ಶುರುಮಾಡಿದವರು ಕೊನೆಗೆ ಒಪ್ಪಿದ ನಿದರ್ಶನ ಯಾವ ಮನೆಯಲ್ಲೂ ಸಿಗಲಿಲ್ಲ.

ಇನ್ನು ಸಿದ್ಧಾಂತ. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ, ಅದೂ ಒಂದು ಕುಚೋದ್ಯದ ಬರಹದಲ್ಲಿ, ಈ ಪದ ಕಾಣಿಸಿತು. ಬೇಕೆಂದೇ ಕಾಗುಣಿತ ಕೆಡಿಸಿ, ಕೆಟ್ಟದ್ದರ ಮೊದಲಕ್ಷರಗಳನ್ನಷ್ಟೇ ಉಳಿಸುವುದು ಆಗಿನ ಪತ್ರಿಕೆಯವರ ತೀಟೆ. 'ಆಲ್ ಕರೆಕ್ಟ್' ಎಂಬುದು 'ಓಲ್ ಕೊರೆಕ್ಟ್' ಆಗಿ 'ಓಕೆ'ಯಾಯಿತು. ಇರುವುದೇ ಎರಡಕ್ಷರ, ಎರಡೂ ತಪ್ಪು, ಅರ್ಥ ಮಾತ್ರ 'ಎಲ್ಲ ಸರಿ'! 'ಆಲ್ ರೈಟ್'ನ್ನು ಕೆಡಿಸಿದ 'ಓಡಬ್ಲ್ಯು' ಎಂಬ ಒಡಹುಟ್ಟು ಬಾಳಲಿಲ್ಲ. ಇದು ಬಾಳಿದ್ದು ಚುನಾವಣೆಯಿಂದ. ಕಿಂಡರ್‌ಹುಕ್ ಊರಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್‌ರನ್ನು 1840ರಲ್ಲಿ ಬೆಂಬಲಿಗರು 'ಓಲ್ಡ್ ಕಿಂಡರ್‌ಹುಕ್' ಎಂದು ಹೊಗಳಿ ಓಕೆ ಕ್ಲಬ್ ಕಟ್ಟಿದರು. ಅವರು ಹ್ಯಾರಿಸನ್ ಎದುರು ಸೋತರು. ಘೋಷಣೆ ಊರೂರು ಸುತ್ತಿ ಗೆದ್ದಿತು. ಇದನ್ನೆಲ್ಲ ಹಳೆಯ ಪತ್ರಿಕೆಗಳಿಂದ ಹೆಕ್ಕಿ 1963–64ರಲ್ಲಿ ಪ್ರಕಟಿಸಿದವರು ವಿದ್ವಾಂಸ ಆಲನ್ ವಾಕರ್ ರೀಡ್. ಗೋತ್ರವಾದಿಗಳಿಗೆ ಇಂದಿಗೂ ಸಮಾಧಾನವಿಲ್ಲ. ಜಗತ್ತೇ ಆಡುವ ಪದಕ್ಕೆ ಇಷ್ಟು ಪೋಲಿ ಹುಟ್ಟೆ?

ಅರ್ಥವಿಚಾರ ಇನ್ನೂ ಜಟಿಲ. 'ಸಾರು ಹೇಗಿದೆ?' ಎಂದಾಗ ಬರುವ 'ಓಕೆ'ಗೆ ಉಪ್ಪು ಕಡಿಮೆಯೆಂದರ್ಥ. ಸಾಹೇಬರು ಫೈಲು 'ಓಕೆ ಮಾಡಿದರು' ಎಂದರೆ ಸಹಿ ಬಿದ್ದಿದೆ, ಓದಿದ್ದಾರೆಂದಲ್ಲ. 'ಹುಡುಗ ಓಕೆ' ಎಂದರೆ ಸಂಬಳ ಕೇಳಿಯಾಗಿದೆ. ಫೋನಿನಲ್ಲಿ 'ಓಕೆ ಓಕೆ' ಎಂಬ ದ್ವಿರುಕ್ತಿ ಬಂದರೆ ಇನ್ನು ಇಡಿ ಎಂದು. ಕಗ್ಗಂಟು ಬಡಗಿಯದು. 'ಓಕೆ ಸಾರ್, ನಾಳೆ ಬಾಗ್ಲು ತರ್ತೀನಿ' ಎಂಬಲ್ಲಿ ಪದ ವಿಧ್ಯರ್ಥಕವೋ, ನಿಷೇಧಾರ್ಥಕವೋ? ಮುಂಗಡ ಕೊಟ್ಟಾಗಿರುವುದರಿಂದ ಸಂಭಾವನಾರ್ಥಕವೆಂದೇ ನಮ್ಮ ನಿರ್ಣಯ.