ನೋವಾಗಿದ್ದರೆ ರಾಯರು

ವೇದಿಕೆ ಸಿಕ್ಕಿದ ಕೂಡಲೇ ನಾಲಗೆ ಹರಿಬಿಡುವುದು. ಮಾರನೆಯ ದಿನ ಅದು ಪತ್ರಿಕೆಯಲ್ಲಿ ಬಂದರೆ ‘ಹೇಳಿಕೆ ತಿರುಚಲಾಗಿದೆ’ ಎನ್ನುವುದು. ಮಧ್ಯಾಹ್ನ ವಿಡಿಯೊ ಹೊರಬಿದ್ದರೆ ‘ಮಾತಿನ ಭರದಲ್ಲಿ ಬಂದಿರಬಹುದು’ ಎಂದು ತಗ್ಗುವುದು. ಸಂಜೆ ಹೈಕಮಾಂಡಿನ ಫೋನು ಬಂದ ಮೇಲೆ ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂದು ಮೈಕು ಸರಿಸಿ ಎದ್ದುಬಿಡುವುದು. ಈ ಮೆಟ್ಟಿಲುಗಳನ್ನು ಪಂಚೆಯ ಮಡಿ ಕೆಡದಂತೆ ಇಳಿಯಬಲ್ಲ ಮಹನೀಯರನ್ನು ನೋವಾಗಿದ್ದರೆ ರಾಯರು ಎಂದು ಕರೆಯೋಣ. ಅವರು ಯಾವುದೇ ಒಂದು ಪಕ್ಷದ, ಒಂದು ಜಾತಿಯ ಸೊತ್ತಲ್ಲ. ಇಷ್ಟು ಅಪ್ಪಟ ಜಾತ್ಯತೀತ ಸಂತತಿ ನಾಡಿನಲ್ಲಿ ಇನ್ನೊಂದಿಲ್ಲ. ವಿಧಾನಸೌಧದಲ್ಲಿದ್ದಾರೆ, ಸಿನಿಮಾ ಮುಹೂರ್ತದಲ್ಲಿದ್ದಾರೆ, ವಿಚಾರಗೋಷ್ಠಿಯಲ್ಲಿದ್ದಾರೆ. ಮದುವೆ ಮನೆಯಲ್ಲಿ ಬೀಗರ ಬಗ್ಗೆ ಏನೋ ಅಂದು, ಬೀಗರು ಎಲೆ ಬಿಟ್ಟೆದ್ದ ಮೇಲೆ ‘ತಮಾಷೆಗೆ ಅಂದದ್ದಪ್ಪ’ ಎನ್ನುವ ಮಾವಯ್ಯನೂ ಇದೇ ವಂಶದವರು.

ರಾಯರು ಕ್ಷಮೆಯನ್ನೇ ಕೇಳುವುದಿಲ್ಲ ಎಂದು ದೂರುವವರು ಅವರನ್ನು ಸರಿಯಾಗಿ ಗಮನಿಸಿಲ್ಲ. ಅವರು ಕೇಳುತ್ತಲೇ ಇರುತ್ತಾರೆ. ಅವರ ಪ್ರತಿಭೆ ಇರುವುದು, ಕೇಳಿದ ಮೇಲೂ ತಪ್ಪು ತಮ್ಮ ಹೆಗಲಿಗೆ ಬಾರದಂತೆ ನೋಡಿಕೊಳ್ಳುವುದರಲ್ಲಿ. ಆ ವಾಕ್ಯವನ್ನೇ ನೋಡಿ. ಅದರಲ್ಲಿ ನೋವು ಇದೆ, ಕೊಟ್ಟವರಿಲ್ಲ. ‘ಯಾರಿಗಾದರೂ’ ಇದ್ದಾರೆ, ಹೆಸರಿಲ್ಲ. ಆ ನೋವೂ ಖಚಿತವಲ್ಲ, ಆಗಿದ್ದರೆ ಮಾತ್ರ. ಒಟ್ಟಿನಲ್ಲಿ ತಪ್ಪು ಮೆತ್ತಗೆ ಕೇಳುಗರ ತೆಳುಚರ್ಮದ ಕಡೆಗೆ ಸರಿದಿರುತ್ತದೆ. ಇದಕ್ಕೆ ವ್ಯಾಕರಣ ಬಲ್ಲವರು ಆಕ್ಷೇಪ ತೆಗೆಯಬಹುದು: ‘ತಪ್ಪಾಯ್ತು’ ಎಂಬ ಪ್ರಾಮಾಣಿಕರ ಮಾತಿನಲ್ಲೂ ಕರ್ತೃ ಇಲ್ಲವಲ್ಲ, ಅದೂ ತಾನಾಗಿ ಆದದ್ದೇ ಅಲ್ಲವೇ? ನಿಜ. ಆದರೆ ಹಾಗೆಂದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಗಲ್ಲ ಬಡಿದುಕೊಳ್ಳುತ್ತಾರೆ, ಹರಕೆ ಮರೆತಿದ್ದರೆ ಅರಿಸಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಡುತ್ತಾರೆ. ದೇವರ ಮುಂದೆ ಕೂಡ ಬರಿಬಾಯಿಯ ವಿಷಾದ ಸಾಲದು, ಗಂಟಿನಿಂದ ಏನಾದರೂ ಬಿಚ್ಚಬೇಕು ಎಂಬುದು ನಮ್ಮ ಹಿರಿಯರ ಲೆಕ್ಕ. ಕ್ಷಮೆಯನ್ನು ಅಳೆಯಬೇಕಾದ್ದು ಕೇಳಿದವರಿಗೆ ತಗುಲಿದ ಖರ್ಚಿನಿಂದ, ಪದದಿಂದಲ್ಲ. ರಾಯರ ಕ್ಷಮೆಗೆ ಖರ್ಚೇ ಇಲ್ಲ.

ನ್ಯಾಯಾಲಯಗಳೂ ಈ ಖರ್ಚಿನ ಮೇಲೆ ಕಣ್ಣಿಡುತ್ತವೆ. ದಾರಿ ತಪ್ಪಿಸುವ ಜಾಹೀರಾತುಗಳ ಪ್ರಕರಣದಲ್ಲಿ ಪತಂಜಲಿ ಸಂಸ್ಥೆ 2024ರ ಏಪ್ರಿಲ್‌ನಲ್ಲಿ 67 ಪತ್ರಿಕೆಗಳಲ್ಲಿ ಕ್ಷಮೆ ಯಾಚಿಸಿತು. ಸುಪ್ರೀಂ ಕೋರ್ಟ್ ಕೇಳಿದ್ದು ಭಾಷೆಯ ಪ್ರಶ್ನೆಯನ್ನಲ್ಲ, ಅಳತೆಯ ಪ್ರಶ್ನೆಯನ್ನು: ಈ ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಿತ್ತೇ? ಪತ್ರಿಕೆಯ ತುಣುಕುಗಳನ್ನು ಜೆರಾಕ್ಸಿನಲ್ಲಿ ಹಿಗ್ಗಿಸದೆ, ಇದ್ದ ಹಾಗೆಯೇ ತಂದು ತೋರಿಸಿ ಎಂದೂ ಪೀಠ ಹೇಳಿತು. ಮರುದಿನ ಇನ್ನಷ್ಟು ದೊಡ್ಡ ಕ್ಷಮಾಪಣೆ ಅಚ್ಚಾಯಿತು. ತಪ್ಪು ಮುಖಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಎಂಬ ಪದ್ಧತಿಯನ್ನು ಪತ್ರಿಕೆಗಳೇ ಬೆಳೆಸಿವೆ ಎಂಬುದನ್ನೂ ಇಲ್ಲಿ ಪಕ್ಕದಲ್ಲಿ ಹೇಳಿಬಿಡಬೇಕು.

ರಾಯರ ವಕೀಲರು ಸುಮ್ಮನಿರುವವರಲ್ಲ. 1971ರ ನ್ಯಾಯಾಂಗ ನಿಂದನೆ ಕಾಯಿದೆಯ 12ನೇ ಸೆಕ್ಷನ್ನಿನಲ್ಲೇ, ಷರತ್ತು ಹಾಕಿದ್ದಾರೆಂಬ ಒಂದೇ ಕಾರಣಕ್ಕೆ ಕ್ಷಮಾಯಾಚನೆಯನ್ನು ತಳ್ಳಿಹಾಕಬಾರದು ಎಂದಿದೆ ಎನ್ನುತ್ತಾರೆ. ಇದೆ, ಅದು ಪ್ರಾಮಾಣಿಕವಾಗಿದ್ದರೆ ಎಂದೂ ಅಲ್ಲೇ ಇದೆ. ಜಗತ್ತಿನ ‘ಇದ್ದರೆ’ಗಳಲ್ಲೆಲ್ಲ ರಾಯರ ಕಣ್ಣಿಗೆ ಬೀಳದ್ದು ಇದೊಂದೇ. ಇನ್ನು ಕೆಲವರು ಜೈನರ ಕ್ಷಮಾವಣಿಯನ್ನು ಮುಂದೆ ತರಬಹುದು. ದಶಲಕ್ಷಣ ಪರ್ವ ಮುಗಿದ ಮೇಲೆ ದಿಗಂಬರ ಜೈನರು ತಿಳಿದೋ ತಿಳಿಯದೆಯೋ ಮಾಡಿದ್ದಕ್ಕೆಲ್ಲ ಒಬ್ಬರಲ್ಲೊಬ್ಬರು ಕ್ಷಮೆ ಬೇಡುತ್ತಾರೆ. ಅಲ್ಲಿಯೂ ತಪ್ಪಿನ ವಿವರವಿಲ್ಲ, ಅಷ್ಟಕ್ಕೆ ರಾಯರ ಮೇಲೇಕೆ ಕೋಪ? ಜೈನರು ಬೇಡುವುದು ಯಾರೂ ದೂರು ಕೊಡುವ ಮೊದಲು, ಎದುರಿಗೆ ನಿಂತು, ತಾವೂ ಕ್ಷಮಿಸುತ್ತ. ರಾಯರು ಬೇಡುವುದು ಎಫ್‌ಐಆರ್ ದಾಖಲಾದ ಮೇಲೆ, ಕ್ಯಾಮೆರಾದ ಎದುರು.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಈಗ ಯಾರ ಭಾವನೆ ಯಾವಾಗ ಕೆರಳುತ್ತದೋ ಹೇಳಲಾಗದು; ತಪ್ಪಿಲ್ಲದವರೂ ಗಲಾಟೆ ತಣಿಯಲಿ ಎಂದು ‘ನೋವಾಗಿದ್ದರೆ’ ಅನ್ನಬೇಕಾಗುತ್ತದೆ. ಊರಿಗೆ ಬೆಂಕಿ ಬೀಳುವುದಕ್ಕಿಂತ ಒಂದು ಸುಳ್ಳು ವಿಷಾದ ಮೇಲು ಎಂಬುದನ್ನು ಒಪ್ಪೋಣ. ಆದರೆ ತಪ್ಪಿಲ್ಲವೆಂದು ನಂಬಿದವರಿಗೆ ಇನ್ನೊಂದು ದಾರಿಯೂ ಇದೆ. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ತಮ್ಮ ಟ್ವೀಟುಗಳಿಗಾಗಿ ಕ್ಷಮೆ ಕೇಳಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಒಂದು ರೂಪಾಯಿ ದಂಡ ಹಾಕಿತು, ಅವರು ಕಟ್ಟಿದರು. ಅವರ ಟ್ವೀಟು ಸರಿಯೋ ತಪ್ಪೋ, ಅವರು ನಿಂತ ಜಾಗ ಎಲ್ಲರಿಗೂ ಕಂಡಿತು. ರಾಯರು ಮಾತ್ರ ಆಡಿದ ಮಾತಿನ ಚಪ್ಪಾಳೆಯನ್ನೂ ಕ್ಷಮೆ ಕೇಳಿದ ದೊಡ್ಡಸ್ತಿಕೆಯನ್ನೂ ಒಂದೇ ವಾರದಲ್ಲಿ ಜೇಬಿಗಿಳಿಸುತ್ತಾರೆ.

ಆದ್ದರಿಂದ ವರದಿಗಾರ ಮಿತ್ರರಲ್ಲಿ ಒಂದು ವಿನಂತಿ. ರಾಯರು ‘ಯಾರಿಗಾದರೂ ನೋವಾಗಿದ್ದರೆ’ ಎಂದು ಏಳುವಾಗ ಮೈಕು ಹಿಂದಕ್ಕೆಳೆಯಬೇಡಿ. ‘ಆಗಿದೆ ಸಾರ್, ಇಂಥವರಿಗೆ ಆಗಿದೆ, ಈಗೇನು ಮಾಡುತ್ತೀರಿ?’ ಎಂದು ಕೇಳಿ, ಉತ್ತರ ಬರುವವರೆಗೆ ಅಲ್ಲೇ ಹಿಡಿದಿರಿ.