ಮೂರು ಬೆಂಕಿಯ ಸ್ನಾನ

ಅಜ್ಜಿಯ ಮನೆಯ ಬಚ್ಚಲೊಲೆಗೆ ತೆಂಗಿನ ಗರಿ, ಅಡಿಕೆ ಸಿಪ್ಪೆ, ಹೋದ ವರ್ಷದ ಪಂಚಾಂಗ ಯಾವುದೂ ವರ್ಜ್ಯವಾಗಿರಲಿಲ್ಲ. ಊದಿ ಊದಿ ಕಣ್ಣು ಕೆಂಪಾಗುವ ಹೊತ್ತಿಗೆ ಹಂಡೆಯ ನೀರು ಕಾಯುತ್ತಿತ್ತು. ಅಷ್ಟೆಲ್ಲ ಹೊಗೆ ಎಬ್ಬಿಸಿ ಆ ಒಲೆ ನಡೆಸುತ್ತಿದ್ದುದು ಬರೀ ಜಗಲಿಯ ವ್ಯವಹಾರ. ಸೌದೆಯ ಇಂಗಾಲವೂ ಗಾಳಿಯ ಆಮ್ಲಜನಕವೂ ಹೊರಗಿನ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ನೆಂಟಸ್ತಿಕೆ ಬೆಳೆಸುತ್ತವೆ. ಒಳಮನೆಯ ಬೀಜಕೇಂದ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇಂಗಾಲ ಇಂಗಾಲವಾಗಿಯೇ ಮಾಡು ದಾಟಿ ಹೋಗುತ್ತದೆ.

ಈಗ ಬೆಂಗಳೂರಿನಲ್ಲಿ ಗೀಸರಿನ ಸ್ವಿಚ್ಚು ಒತ್ತುತ್ತೇನೆ. ಆ ಕರೆಂಟಿನಲ್ಲಿ ಕೈಗಾ ಅಣುಸ್ಥಾವರದ ಪಾಲೂ ಒಂದಿಷ್ಟು ಇದ್ದೀತು. ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಯುರೇನಿಯಮ್ಮಿನ ಒಳಮನೆಗೇ ನ್ಯೂಟ್ರಾನೊಂದು ನುಗ್ಗಿ ಬೀಜ ಎರಡು ಹೋಳಾಗುತ್ತದೆ. ಕನ್ನಡದಲ್ಲಿ ಇದು ವಿದಳನ, ತೊಗರಿ ಬೇಳೆಯಾದ ಹಾಗೆ. ಆದರೆ ಬೇಳೆಯಂತೆ ಸಮಪಾಲಲ್ಲ. ಸಾಮಾನ್ಯವಾಗಿ ಒಂದು ಹೋಳು ದೊಡ್ಡದು, ಇನ್ನೊಂದು ಚಿಕ್ಕದು, ನಮ್ಮ ಮನೆತನದ ಆಸ್ತಿಯಂತೆ. ಜೊತೆಗೆ ಎರಡು ಮೂರು ನ್ಯೂಟ್ರಾನುಗಳು ಸಿಡಿದು ಪಕ್ಕದ ಮನೆಯನ್ನೂ ಒಡೆಯಲು ಹೊರಡುತ್ತವೆ. ಒಂದು ಇಂಗಾಲದ ಪರಮಾಣು ಉರಿದಾಗ ಸಿಗುವುದರ ಸುಮಾರು 5 ಕೋಟಿ ಪಟ್ಟು ಶಕ್ತಿ ಈ ಒಂದೇ ಜಗಳದಿಂದ!

ತಾರಸಿಯ ಸೋಲಾರಿನದು ಬೇರೆಯೇ ಬಾಬತ್ತು. ಸೂರ್ಯನೊಳಗೆ ನಡೆಯುವುದು ಸಮ್ಮಿಲನ. ಈ ಪದ ಕೇಳಿದಾಗಲೆಲ್ಲ ನನಗೆ ಹಳೆ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ, ಕೇಸರಿಬಾತು ನೆನಪಾಗುತ್ತವೆ. ಸೂರ್ಯನಲ್ಲಿ ಸ್ನೇಹವೇನೂ ಇಲ್ಲ. ಜಲಜನಕದ ಬೀಜಗಳೆಲ್ಲ ಧನ ವಿದ್ಯುದಂಶದವು, ಒಂದನ್ನು ಕಂಡರೆ ಒಂದಕ್ಕಾಗದು. ಸೂರ್ಯನ ಭಾರ ಅದುಮುತ್ತಿದ್ದರೂ, 1.5 ಕೋಟಿ ಡಿಗ್ರಿ ಕಾವಿದ್ದರೂ, ಜೋಡಿ ಸಿಗಲು ಒಂದು ಪ್ರೋಟಾನು ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಕೊನೆಗೆ ನಾಲ್ಕು ಸೇರಿ ಒಂದು ಹೀಲಿಯಂ ಆಗುವಾಗ ತೂಕದಲ್ಲಿ ಶೇಕಡಾ 0.7ರಷ್ಟು ಕಳೆದುಹೋಗುತ್ತದೆ. ಆ ಸೋರಿಕೆಯೇ ನಮ್ಮ ಬಿಸಿಲು. ಕಿಲೋಗೆ ಕಿಲೋ ತೂಗಿದರೆ ಸೂರ್ಯನಿಗಿಂತ ಹೆಚ್ಚು ಶಾಖ ಸೋಫಾದಲ್ಲಿ ಒರಗಿದ ನಾನೇ ಕೊಡುತ್ತೇನೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ಫ್ರಾನ್ಸಿನಲ್ಲಿ ಭಾರತವೂ ಸೇರಿ ಕಟ್ಟುತ್ತಿರುವ ಐಟರ್ ಎಂಬ ಸಮ್ಮಿಲನ ಯಂತ್ರಕ್ಕೆ ಸೂರ್ಯನ ಭಾರವಿಲ್ಲ, ಅಷ್ಟು ತಾಳ್ಮೆಯೂ ಇಲ್ಲ. ಅದಕ್ಕೆ 15 ಕೋಟಿ ಡಿಗ್ರಿಯೇ ಬೇಕು.

ಕೂಡಿದರೂ ಲಾಭ, ಒಡೆದರೂ ಲಾಭ ಎಂದರೆ ಚೀಟಿ ವ್ಯವಹಾರದವರ ಮಾತಿನಂತಿದೆ. ಗುಟ್ಟು ಇಷ್ಟೇ: ಹಗುರದವು ಕೂಡಬೇಕು, ಭಾರದವು ಒಡೆಯಬೇಕು. ನಡುವೆ ಕೂತ ಕಬ್ಬಿಣದಿಂದ ಮಾತ್ರ ಎರಡು ದಾರಿಯಲ್ಲೂ ನಯಾಪೈಸೆ ಹುಟ್ಟದು.

ಅಜ್ಜಿಯ ಕಬ್ಬಿಣದ ಊದುಗೊಳವೆ ಈಗ ನಮ್ಮ ಶೋಕೇಸಿನಲ್ಲಿದೆ. ಮೋಡ ಕವಿದು ಕರೆಂಟೂ ಹೋದ ಬೆಳಗುಗಳಲ್ಲಿ ನನ್ನ ಹೆಂಡತಿ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾಳೆ.